ಸಕೆಯಾಸಿ ಕರ್ನಲ್ಲನ ತಪ್ಪು ಹುಡುಕಿದ್ದು

ಜನರಲ್ ಸಕೆಯಾಸಿ ನವುಲ ತೀರಿಕೊಂಡು ಇಪ್ಪತ್ತು ದಿನವಾಯಿತು. ನಮ್ಮ ರಾಜಧಾನಿ ಸುವಾದ ಪತ್ರಿಕೆಗಳು ಅವನ ಪದಕಗಳನ್ನೆಲ್ಲ ಹೆಸರಿಸಿದವು, ಲೆಬನಾನಿನ ಶಾಂತಿಪಾಲನಾ ಪಡೆಯಲ್ಲಿ ದುಡಿದದ್ದನ್ನು ಬರೆದವು. ಮೂವತ್ತೈದನೆಯ ವಯಸ್ಸಿನಲ್ಲಿ ಅವನು ಕ್ಯಾಪ್ಟನ್ ಆಗಿಯೇ ಸೇನೆ ಬಿಟ್ಟು ಮನೆಗೆ ಹೋಗುವುದರಲ್ಲಿದ್ದ ಎಂದು ಯಾರೂ ಬರೆಯಲಿಲ್ಲ.

ಅವನ ದ್ವೀಪಕ್ಕೂ ನಮ್ಮ ದ್ವೀಪಕ್ಕೂ ಮೂಲದೈವ ಒಂದೇ. ಹಾಗಾಗಿ ನಾವಿಬ್ಬರೂ ತೌವು, ಗೇಲಿಯ ನಂಟರು; ಕರೆಯುವಾಗ ಬರೀ ತೌ. ಒಬ್ಬರನ್ನೊಬ್ಬರು ಏನು ಹೀಗಳೆದರೂ ಸಿಟ್ಟಾಗುವಂತಿಲ್ಲ. ಬೋರ್ಡಿಂಗ್ ಶಾಲೆಯ ಮೊದಲ ದಿನವೇ ನನ್ನ ಊರು ಕೇಳಿ ಅವನು ಹೇಳಿದ್ದ: "ಓ, ನಿಮ್ಮೋರು ಮೀನು ಹಿಡಿಯಲ್ಲ ತೌ. ಮೀನೇ ನಿಮ್ಮ ಮುಖ ನೋಡಿ ನಕ್ಕು ಸಾಯುತ್ತೆ."

ಶಾಲೆಯಲ್ಲಿ ಅವನು ಲೆಕ್ಕಕ್ಕೆ, ನಕ್ಷೆಗೆ ಮುಂದು, ಪ್ರಬಂಧಕ್ಕೆ ಹಿಂದು. ಹದಿನೆಂಟಕ್ಕೆ ಸಿಪಾಯಿಯಾದ. ನಾನು ಮೇಷ್ಟ್ರಾದೆ. ಹತ್ತು ವರ್ಷದಲ್ಲಿ ಅವನು ಅಧಿಕಾರಿಯಾದ, ಅಲ್ಲಿಂದ ಕ್ಯಾಪ್ಟನ್. ಮುಂದೆ ಹೋಗಲು ಆಸ್ಟ್ರೇಲಿಯಾದ ಸೇನಾ ಕಾಲೇಜಿಗೆ ಆಯ್ಕೆಯಾಗಬೇಕಿತ್ತು. ಎರಡು ಸಲ ಫೇಲಾದ. ಮೂರನೆಯದೇ ಕೊನೆಯದು. ಅದಕ್ಕೆ ತಯಾರು ಮಾಡು ಎಂದು ನನ್ನ ಬಳಿ ಬಂದ.

ಅವನ ಹಳೆಯ ಉತ್ತರಗಳನ್ನು ತರಿಸಿ ಓದಿದೆ. ಹಿರಿಯ ಅಧಿಕಾರಿಯೊಬ್ಬರ ಯುದ್ಧ ಯೋಜನೆಯಲ್ಲಿ ತಪ್ಪು ತೋರಿಸಬೇಕಿತ್ತು. ಎರಡು ಸಲವೂ ಇವನು ಯೋಜನೆ ಬಹಳ ಚೆನ್ನಾಗಿದೆ ಎಂದು ಬರೆದು ವಂದನೆ ತಿಳಿಸಿದ್ದ. ನಮ್ಮಲ್ಲಿ ಹಿರಿಯರು ಮಾತಾಡುವಾಗ ಕಿರಿಯರು ತಲೆ ತಗ್ಗಿಸಿ ಚಾಪೆ ನೋಡುತ್ತಾರೆ. ಇವನು ಪರೀಕ್ಷೆಯಲ್ಲೂ ಚಾಪೆ ನೋಡಿದ್ದ.

ನಾನು ಶಾಲೆಯ ಹಳೆ ನೋಟ್‌ಬುಕ್ಕಿನಲ್ಲಿ ಹುಚ್ಚುಚ್ಚು ಯೋಜನೆಗಳನ್ನು ಬರೆದು ಕೆಳಗೆ ನನ್ನ ಹೆಸರು ಹಾಕಿದೆ. ಅವನು ಹಬ್ಬದೂಟಕ್ಕೆ ಕೂತವನಂತೆ ಒಂದೊಂದರ ತಪ್ಪನ್ನೂ ಎತ್ತಿ ಆಡಿದ. ಮರುದಿನ ಅವನ್ನೇ ಪರೀಕ್ಷೆ ಮಾಡುವ ಕರ್ನಲ್ಲನ ಹೆಸರಿನಲ್ಲಿ ಕೊಟ್ಟರೆ ಮತ್ತೆ ಬಹಳ ಚೆನ್ನಾಗಿದೆ ಎಂದ.

"ಆ ಕರ್ನಲ್ಲನ್ನ ನಾನು ಅಂದ್ಕೊ" ಎಂದೆ.

"ಆತ ನಿನ್ನಷ್ಟು ಕುರೂಪಿ ಇರಲ್ಲ ತೌ. ಕಷ್ಟ ಆಗುತ್ತೆ."

ಅವನ ಹೆಂಡತಿ ಮೆರೆಸೈನಿ ಮರಗೆಣಸು ಸುಲಿಯುತ್ತಾ ಕೇಳಿಸಿಕೊಳ್ಳುತ್ತಿದ್ದಳು. "ನೀವು ಸುಮ್ಮನಿದ್ರೆ ಆ ಯೋಜನೆ ನಂಬಿ ಹೋಗೋ ಹುಡುಗರ ಗತಿ?" ಎಂದಳು. ಅವನು ನೋಟ್‌ಬುಕ್ಕನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡ.

ಪರೀಕ್ಷೆಯ ದಿನ ಆಸ್ಟ್ರೇಲಿಯಾದ ಕರ್ನಲ್ ತನ್ನದೇ ಯೋಜನೆಯನ್ನು ನಕ್ಷೆಯ ಮೇಲೆ ವಿವರಿಸಿದನಂತೆ. ಬೆಳಗ್ಗೆ ಸಮುದ್ರದ ಇಳಿತದ ಹೊತ್ತಿಗೆ, ಉಪ್ಪುನೀರಲ್ಲಿ ಬೆಳೆವ ಕಾಂಡ್ಲಾ ಮರಗಳ ದಡಕ್ಕೆ ದೋಣಿಗಳಲ್ಲಿ ಸೈನ್ಯ. ನಾನು ಹೊರಗೆ ಮಾವಿನ ಮರದಡಿ ಕಾಯುತ್ತಿದ್ದೆ. ಒಂದು ಗಂಟೆಯ ಮೇಲೆ ಸಕೆಯಾಸಿ ಬೆವರುತ್ತಾ ಬಂದ.

"ಕೆಲಸ ಹೋಯ್ತು ತೌ. 'ಇಳಿತದಲ್ಲಿ ಅಲ್ಲಿ ಸೊಂಟದವರೆಗೆ ಕೆಸರು ಸಾರ್, ಬಂದೂಕು ಬಿಟ್ಟು ಏಡಿ ಬುಟ್ಟಿ ತಗೊಂಡು ಹೋಗಿ' ಅಂದ್ಬಿಟ್ಟೆ."

"ಅದಕ್ಕೆ ಆತ?"

"ನಗಲಿಲ್ಲ. ಹಾಗಾದರೆ ನೀನೇನು ಮಾಡ್ತೀಯ ಅಂದ. ಹೇಳ್ದೆ. ಬರ್ಕೊಂಡ."

ತಿಂಗಳಾದ ಮೇಲೆ ಪತ್ರ ಬಂತು. ಒಡೆಯುವ ಧೈರ್ಯವಾಗದೆ ನನ್ನ ಕೈಗಿಟ್ಟ. ನಾನು ಓದಿ, ಹುಬ್ಬು ಗಂಟಿಕ್ಕಿ, ಇಲ್ಲ ಎಂಬಂತೆ ತಲೆಯಾಡಿಸಿದೆ. ಅವನು ಹಿತ್ತಲಿಗೆ ಹೋಗಿ ಕೆಸುವಿನ ಪಾತಿಯಲ್ಲಿ ಕಳೆ ಕೀಳತೊಡಗಿದ. ಅಷ್ಟು ದೊಡ್ಡ ಬೆನ್ನು ಅಷ್ಟು ಸಣ್ಣದಾದದ್ದನ್ನು ನೋಡಲಾಗಲಿಲ್ಲ. "ಆಯ್ಕೆಯಾಗಿದ್ದೀಯ ತೌ, ತಮಾಷೆ ಮಾಡಿದೆ" ಎನ್ನುತ್ತಾ ಪತ್ರ ಹಿಡಿದು ಓಡಿದೆ. ನನ್ನ ಹಿಂದೆ ಮೆರೆಸೈನಿ ಪೊರಕೆ ಹಿಡಿದು ಓಡಿದಳು.

ಅವನು ಪತ್ರವನ್ನು ಎರಡು ಸಲ ಓದಿದ. ಮೂರನೆಯ ಸಲ ಓದುವಷ್ಟರಲ್ಲಿ ಕಣ್ಣು ಮಂಜಾಗಿತ್ತು. ಮಣ್ಣಿನ ಕೈ ಒರೆಸಿಕೊಂಡು ನನ್ನ ಅಂಗಿಯ ಗುಂಡಿ ಬಿಚ್ಚತೊಡಗಿದ. ತೌವು ಕೇಳಿದ್ದನ್ನು ಕೊಡಲೇಬೇಕು. ಅವನು ಕೇಳುವ ಗೋಜಿಗೂ ಹೋಗಲಿಲ್ಲ. ನನ್ನಲ್ಲಿ ಇದ್ದ ಒಳ್ಳೆಯ ಅಂಗಿ ಅದೊಂದೇ. ಅವನ ಎದೆಗೆ ಅದರ ಗುಂಡಿ ಕೂಡುತ್ತಿರಲಿಲ್ಲ. ಕಾಲೇಜಿಗೆ ಹೊರಟ ದಿನ ಹಾಗೆಯೇ ತೊಟ್ಟು ವಿಮಾನ ಹತ್ತಿದ.