ಹೂ ಮುಡಿದ ಮೌಸರ್

ದೆವ್ವ, ಪೀಡೆ ಎಂದು ಯಾರಾದರೂ ಶುರು ಮಾಡಿದರೆ ಅವರ ಕಾಲೆಳೆಯದೆ ಬಿಡುವ ಜಾಯಮಾನ ನನ್ನದಾಗಿರಲಿಲ್ಲ. ಔಷಧಿ ಕಾರ್ಖಾನೆಯ ಮೆಷಿನುಗಳ ಜೊತೆ ವರ್ಷಗಟ್ಟಲೆ ಏಗಿದವನು ನಾನು. ಕೆಟ್ಟಿದ್ದಕ್ಕೆಲ್ಲ ಕಾರಣ ಇದ್ದೇ ಇರುತ್ತದೆ, ಬಿಚ್ಚಿ ನೋಡಿದರೆ ಸಿಗುತ್ತದೆ ಎಂದು ನಂಬಿದ್ದೆ. ಈಗ ಹೇಳುವುದನ್ನು ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಖಂಡಿತ ನಗುತ್ತಿದ್ದೆ.

ನಾನು ಕೊಡಗಿನವನು, ಹೆಂಡತಿ ವಸುಧಾ ಮೈಸೂರಿನವಳು. ನೈರೋಬಿಯ ರಿವರ್‌ಸೈಡಿನಲ್ಲಿ ನಮ್ಮ ಫ್ಲ್ಯಾಟು. ಯುರೋಪಿನ ಹಳೆಯ ಸೈನ್ಯದ ಬಂದೂಕು, ತೋಟಾಗಳನ್ನು ಕೂಡಿಸುವುದು ನನ್ನ ಹುಚ್ಚು. ಲೈಸೆನ್ಸು, ತಪಾಸಣೆ ಎಂದು ಅಲೆದು ಚಪ್ಪಲಿ ಸವೆಸಿದ್ದೇನೆ. ಇದ್ದವುಗಳಲ್ಲಿ ನನಗೆ ಅಚ್ಚುಮೆಚ್ಚು ಜರ್ಮನಿಯ ಮೌಸರ್. ಒಂದು ಸಲಕ್ಕೆ ಒಂದೇ ತೋಟಾ, ಅದೂ ಹೆಬ್ಬೆರಳಿನ ದಪ್ಪ. ಮೊದಲ ಮಹಾಯುದ್ಧದಲ್ಲಿ ಇಲ್ಲಿನ ಗಡಿಯಾಚೆ ಜರ್ಮನರು ಆಫ್ರಿಕದ ಸಿಪಾಯಿಗಳ ಕೈಗೆ ಕೊಟ್ಟದ್ದು ಇಂಥದ್ದನ್ನೇ. ಹೊಡೆದಾಗ ಏಳುವ ದಟ್ಟ ಹೊಗೆ, ಹೊಡೆದವನು ಎಲ್ಲಿದ್ದಾನೆಂದು ವೈರಿಗೆ ತೋರಿಸಿಬಿಡುತ್ತಿತ್ತಂತೆ. ಇದರಿಂದ ಸತ್ತವರೆಷ್ಟೋ, ಇದನ್ನು ಹಿಡಿದೇ ಸತ್ತವರೆಷ್ಟೋ, ಕೊಳ್ಳುವಾಗ ನಾನು ಯೋಚಿಸಲಿಲ್ಲ.

"ಸತ್ತೋರ ಸಾಮಾನು ಮನೇಲಿ ಯಾಕ್ರೀ? ಒಂದು ಶಾಂತಿನಾದ್ರೂ ಮಾಡ್ಸಿ" ಎಂದು ವಸುಧಾ ಎಷ್ಟು ಸಲ ಹೇಳಿದ್ದಳೋ. ನಾನು ನಕ್ಕು ತಳ್ಳಿಹಾಕಿದ್ದೆ. ಅವಳ ಸಮಾಧಾನಕ್ಕೆಂದು, ತೋಟಾಕ್ಕೆ ಬಡಿಯುವ ಒಳಗಿನ ಸೂಜಿಯನ್ನು ಬಿಚ್ಚಿ ಕಬ್ಬಿಣದ ಬೀರುವಿನಲ್ಲಿಟ್ಟೆ. ಸೂಜಿಯಿಲ್ಲದ ಬಂದೂಕು ದೊಣ್ಣೆಗೆ ಸಮ. ಮದ್ದು ತೆಗೆಸಿದ ತೋಟಾಗಳೂ ಅಲ್ಲೇ ಇದ್ದವು. ಅಪರೂಪದ್ದೆಂದು ಒಂದರ ಮದ್ದು ಮಾತ್ರ ತೆಗೆಸಿರಲಿಲ್ಲ. ಬೀರುವಿನ ಕೀಲಿಕೈ ನನ್ನ ಜೇಬು ಬಿಟ್ಟು ಹೋಗುತ್ತಿರಲಿಲ್ಲ.

ಆ ಭಾನುವಾರ ನಮ್ಮ ಕೈಲ್ ಪೊಳ್ದ್ ಹಬ್ಬ. ಕೊಡವರು ಬಂದೂಕು ತೊಳೆದು, ಗಂಧವಿಟ್ಟು, ನಳಿಗೆಯ ಬಾಯಿಗೆ ತೋಕ್ ಪೂ ಎಂಬ ಕೆಂಪು ಹೂ ಸಿಕ್ಕಿಸಿ ಪೂಜಿಸುವ ದಿನ. ಆ ಹೂ ಕೀನ್ಯಾದಲ್ಲೂ ಬೆಳೆಯುತ್ತದೆ, ನಮ್ಮ ಬಾಲ್ಕನಿಯ ಕುಂಡದಲ್ಲೂ ಬಿಟ್ಟಿತ್ತು. ಬಂದೂಕುಗಳನ್ನು ಹಾಲ್‌ನ ಗೋಡೆಗೆ ಸಾಲಾಗಿ ಒರಗಿಸಿ, ಹೂ ಮುಡಿಸಿ, ದೀಪ ಹಚ್ಚಿದೆವು. ಕೆಲಸದ ಹೆಂಗಸು ಚರ್ಚಿಗೆ ಹೋಗಿದ್ದಳು. ಮನೆಯಲ್ಲಿ ನಾವಿಬ್ಬರೇ.

ಪೂಜೆ ಮುಗಿಸಿ ಪಕ್ಕದ ಕೋಣೆಯಲ್ಲಿ ಊಟಕ್ಕೆ ಕೂತೆವು. ವಸುಧಾ ಹಾಲ್‌ನ ಬಾಗಿಲಿಗೆ ಬೆನ್ನು ಹಾಕಿದ್ದಳು. ಅಷ್ಟರಲ್ಲಿ ಲಂಡನ್ನಿನಲ್ಲಿ ಓದುತ್ತಿದ್ದ ಮಗಳ ಫೋನ್ ಬಂತು. ಸಿಗ್ನಲ್ ಸಾಲದೆ ನಾನು ಹಾಲ್ ದಾಟಿ ಬಾಲ್ಕನಿಗೆ ಹೋದೆ. ಹೋಗುವಾಗ ಬಂದೂಕುಗಳು ಗೋಡೆಗೆ ನಿಂತೇ ಇದ್ದವು. ಪರೀಕ್ಷೆ ಹೇಗಾಯಿತೆಂದು ಕೇಳಿದೆ, ಅವಳು ಏನೋ ಹೇಳಿದಳು, ವಾಪಸು ಬಂದೆ.

ಮೌಸರ್ ನೆಲದ ಮೇಲೆ ಮಲಗಿತ್ತು. ನಳಿಗೆ ನೇರ ವಸುಧಾಳ ಬೆನ್ನಿಗೆ. ಬಿದ್ದಿದ್ದರೆ ಅಷ್ಟು ಭಾರಕ್ಕೆ ಕೆಳಮನೆಯವರೂ ಬೆಚ್ಚಬೇಕಿತ್ತು. ಬಾಯಲ್ಲಿದ್ದ ಹೂವಿನ ಒಂದು ಎಸಳೂ ಮುದುಡಿರಲಿಲ್ಲ.

"ಇದನ್ನ ಯಾಕೆ ಮಲಗಿಸ್ದೆ?" ಎಂದೆ.

"ನಾನ್ಯಾಕ್ರೀ ಮುಟ್ಲಿ? ತಟ್ಟೆ ಬಿಟ್ಟು ಎದ್ದೇ ಇಲ್ಲ. ನೀವೇ ಇಷ್ಟು ಹೊತ್ತು ಎಲ್ಲಿದ್ರಿ? ಅನ್ನ ಎಲ್ಲ ತಣ್ಣಗಾಗಿದೆ."

ಬಂದೂಕಿನ ಬೋಲ್ಟ್ ಎಳೆದೆ. ಮದ್ದಿದ್ದ ಆ ತೋಟಾ ಹೊರಬಂದು ಅಂಗೈಗೆ ಬಿತ್ತು. ಅದರ ಹಿಂಬದಿಯ ನಟ್ಟನಡುವೆ ಹೊಸದಾಗಿ ಹೊಳೆಯುವ ಸಣ್ಣ ತಗ್ಗು. ಸೂಜಿ ತನ್ನ ಜಾಗದಲ್ಲಿ ಕೂತಿತ್ತು.

ವಸುಧಾ ಹತ್ತಿರ ಬಂದು, ಆ ತಗ್ಗು ಏನೆಂದು ಕೇಳಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಯಾರೋ ಬಂದೂಕಿನ ಕುದುರೆ ಎಳೆದಿದ್ದಾರೆ. ನೂರು ವರ್ಷದ ಮದ್ದು ಹತ್ತಿಕೊಳ್ಳಲಿಲ್ಲ, ಅಷ್ಟೆ.

ಅವಳು ತುಂಬ ಮೆಲ್ಲಗೆ ಕೇಳಿದಳು: "ಆ ಸೂಜಿ ಹಾಕೋಕೆ ಈ ಮನೇಲಿ ಯಾರಿಗ್ರೀ ಬರತ್ತೆ?"

ಹೋಗಿ ನೋಡಿದೆ. ಬೀರುವಿಗೆ ಬೀಗ ಹಾಕಿದಂತೆಯೇ ಇತ್ತು, ಕೀಲಿಕೈ ಜೇಬಿನಲ್ಲೇ ಇತ್ತು. ಗೇಟು ಕಾಯುವ ಅಸ್ಕಾರಿಯನ್ನು ವಿಚಾರಿಸಿದರೆ, ಯಾರೂ ಮೇಲೆ ಬಂದಿಲ್ಲವೆಂದು "ಹಾಪಾನಾ, ಬ್ವಾನಾ" ಎಂದು ತಲೆಯಾಡಿಸಿದ. ಕೊನೆಗೆ ಮಗಳಿಗೆ ಫೋನ್ ಮಾಡಿದೆ, ವಸುಧಾಳಿಗೂ ಕೇಳಲೆಂದು ಸ್ಪೀಕರ್ ಹಾಕಿ. ನಾನು ಅವಳ ಜೊತೆ ಮಾತಾಡುತ್ತಿದ್ದೆ ಎಂದು ಅವಳೇ ಹೇಳಲಿ, ಇದು ಇಲ್ಲಿಗೆ ಮುಗಿಯಲಿ ಎಂಬ ಆಸೆ.

"ನೋ ಡ್ಯಾಡ್, ಯು ಡಿಡ್ನ್ಟ್ ಸೇ ಎನಿಥಿಂಗ್" ಎಂದಳು ಮಗಳು. "ಐ ಕೆಪ್ಟ್ ಸೇಯಿಂಗ್ ಹಲೋ. ಜಸ್ಟ್ ಸಮ್ ಮೆಟಲ್ ಸೌಂಡ್. ಫಾರ್ ಸೋ ಲಾಂಗ್."

ಪರೀಕ್ಷೆಯ ವಿಷಯ ಕೇಳಿದ್ದು ನನಗೆ ಇವತ್ತಿಗೂ ಸ್ಪಷ್ಟವಾಗಿ ನೆನಪಿದೆ. ಅವಳು ಕೊಟ್ಟ ಉತ್ತರ ಮಾತ್ರ ಎಷ್ಟು ತಿಣುಕಿದರೂ ನೆನಪಾಗುವುದಿಲ್ಲ.

ಬಂದೂಕುಗಳನ್ನೆಲ್ಲ ಸರ್ಕಾರಕ್ಕೆ ಒಪ್ಪಿಸಿಬಿಟ್ಟೆ. ಡಾಕ್ಟರಿಗೆ ತೋರಿಸಿಕೊಂಡೆ, ತಲೆಯಲ್ಲಿ ಏನೂ ದೋಷವಿಲ್ಲ ಎಂದರು. ಆ ಮೌಸರಿನಲ್ಲೇ ಏನೋ ಇತ್ತು ಎಂದು ಈಗ ಹೇಳುವವನು ನಾನು. ವಸುಧಾ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಾಳೆ, ಹೂಂ ಅನ್ನುವುದಿಲ್ಲ. ಜಗಳವಿಲ್ಲ, ಮಾತಿಗೂ ಕೊರತೆಯಿಲ್ಲ. ನನ್ನ ಗೊರಕೆಗೆ ನಿದ್ದೆ ಬರುವುದಿಲ್ಲವೆಂದು ಅವಳೀಗ ಮಗಳ ಕೋಣೆಯಲ್ಲಿ ಮಲಗುತ್ತಾಳೆ. ಗೊರಕೆ ಕೇಳಬಾರದೆಂದರೆ ಬಾಗಿಲು ಮುಚ್ಚಿಕೊಂಡರೆ ಸಾಕು. ಅವಳು ಚಿಲಕ ಹಾಕಿಕೊಳ್ಳುತ್ತಾಳೆ.