ಬೀಗರೂಟಕ್ಕೆ ಹೋಗದವರು

ಹೆಸರು ಮುಚ್ಚಿಟ್ಟರೆ ಮನುಷ್ಯರನ್ನೂ ಮುಚ್ಚಿಟ್ಟಂತೆ ಎಂಬ ಧಿಮಾಕು ನಮ್ಮ ಸಮಾಜಶಾಸ್ತ್ರದವರಿಗೆ ಇದೆ. ನನಗಂತೂ ಒಂದು ಕೈ ಜಾಸ್ತಿಯೇ ಇತ್ತು.

ಶಾಲೆಗಳಲ್ಲಿ ದುಡಿಯುವವರ ನಡುವಿನ ತಾರತಮ್ಯ ನನ್ನ ಅಧ್ಯಯನದ ವಿಷಯ. ಅದಕ್ಕಾಗಿ ಕೆ.ಆರ್. ಪೇಟೆ ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಗೆ ಹೋಗುತ್ತಿದ್ದೆ. ಮೊದಲ ದಿನವೇ ಹೆಡ್‌ಮಾಸ್ಟರು ನನ್ನ ಊರು, ಅಪ್ಪನ ಹೆಸರು ಕೇಳಿ, "ಅಂಗಾದ್ರೆ ನೀವು ನಮ್ಮೋರೇ ಬುಡಿ" ಎಂದು ಕುರ್ಚಿ ಎಳೆದು ಕೂರಿಸಿದರು. ಅವರೂ ನಾನೂ ಒಂದೇ ಜಾತಿ. ಆ ಕುರ್ಚಿಯಲ್ಲಿ ಕೂತೇ ಅಸಮಾನತೆಯ ಪ್ರಶ್ನೆಗಳನ್ನು ಕೇಳಿದೆ. ನಾಚಿಕೆಯೇನೂ ಆಗಲಿಲ್ಲ.

ಒಂದು ದಿನ ಊರಿನವರೊಬ್ಬರ ಮನೆಯಲ್ಲಿ ಮದುವೆಯ ಮೇಲಿನ ಬೀಗರೂಟ. ಮೇಷ್ಟ್ರುಗಳಿಗೆಲ್ಲ ಕರೆ. ಕಾರು ಬಂತು, ನಾನೂ ಹತ್ತಿದೆ. ಗಣಿತದ ಅತಿಥಿ ಶಿಕ್ಷಕಿ ಮಾತ್ರ ಬಾಗಿಲಲ್ಲಿ ನಿಂತಿದ್ದರು. ಅವರು ಪಾಂಡವಪುರದ ಕಡೆಯ ಊರೊಂದರ ದಲಿತರ ಕಾಲೋನಿಯವರು. "ನೀನು ಮಕ್ಕಳ್ನ ನೋಡ್ಕಳವ್ವ" ಎಂದರು ಹೆಡ್‌ಮಾಸ್ಟರು. ಮುದ್ದೆ, ಮಟನ್ ಸಾರು ಬಾರಿಸಿ ವಾಪಸು ಬಂದಾಗ, ಏಳೂ ತರಗತಿಗಳ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಆಕೆ ಮಗ್ಗಿ ಹೇಳಿಸುತ್ತಿದ್ದರು.

"ಪ್ರತಿ ಬೀಗರೂಟಕ್ಕೂ ಇಂಗೇ ಸಾರ್. ಬೇರೆಯವ್ರು ಒಂದ್ಸಲನೂ ಉಳ್ಕಂಡಿಲ್ಲ. ಬರ್ಕಳಿ, ನನ್ನೆಸ್ರು ಮಾತ್ರ ಬ್ಯಾಡ. ವರ್ಷಾ ವರ್ಷಾ ಅವ್ರೇ ನನ್ನ ತಗಬೇಕು" ಎಂದರು. ಅತಿಥಿ ಶಿಕ್ಷಕರ ಪಾಡೇ ಅದು. ಜೂನ್‌ನಲ್ಲಿ ಹೆಡ್‌ಮಾಸ್ಟರು ಹೂಂ ಅಂದರೆ ಕೆಲಸ ಉಂಟು, ಇಲ್ಲವೆಂದರೆ ಇಲ್ಲ.

ವರದಿಯಲ್ಲಿ ಆಕೆಯ ಮಾತು ಹಾಕಿದೆ, ಹೆಸರು ಬರೆಯಲಿಲ್ಲ. ‘ಪಾಂಡವಪುರದ ಕಡೆಯಿಂದ ಬಸ್ಸಿನಲ್ಲಿ ಬರುವ ಗಣಿತದ ಅತಿಥಿ ಶಿಕ್ಷಕಿ’ ಎಂದು ಬರೆದೆ. ಇಡೀ ಶಾಲೆಯಲ್ಲಿ ಅಂಥವರು ಅವರೊಬ್ಬರೇ! ಸಾಲದ್ದಕ್ಕೆ ವರದಿಯ ಪ್ರತಿಯೊಂದನ್ನು ನಾನೇ ಹೋಗಿ ಹೆಡ್‌ಮಾಸ್ಟರ ಕೈಗಿತ್ತು ಫೋಟೊ ತೆಗೆಸಿಕೊಂಡೆ. ಆ ವರ್ಷ ನನಗೆ ಬಡ್ತಿ ಸಿಕ್ಕಿತು. ಜೂನ್‌ನಲ್ಲಿ ಆ ಶಾಲೆಗೆ ಬೇರೆ ಗಣಿತದವರು ಬಂದರು.

ಸುದ್ದಿ ತಿಳಿದು ಆಕೆಯ ಮನೆಗೆ ಹೋದೆ. ಶ್ರೀರಂಗಪಟ್ಟಣದ ಕಡೆಯ ಗಾರ್ಮೆಂಟ್ಸ್‌ ವ್ಯಾನಿಗೆ ಕಾಯುತ್ತಾ ನಿಂತಿದ್ದರು. ಬಿ.ಎಸ್ಸಿ., ಬಿ.ಎಡ್. ಮಾಡಿದವರು ಕಾಲರ್ ಹೊಲಿಯಲು ಹೊರಟಿದ್ದರು. ನನ್ನ ಮೇಲೆ ನನಗೇ ಅಸಹ್ಯವಾಯಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ.

"ಹೆಡ್‌ಮಾಸ್ಟರ ಹತ್ರ ಮಾತಾಡ್ತೀನಿ. ನಾನು ಹೇಳಿದ್ರೆ ಕೇಳ್ತಾರೆ" ಎಂದೆ.

ಆಕೆ ಊಟದ ಡಬ್ಬಿಯ ಚೀಲವನ್ನು ಹೆಗಲಿಗೇರಿಸಿಕೊಂಡರು.

"ಊಂ ಸಾರ್. ನಾನೇಳುದ್ರೆ ಕೇಳಲ್ಲ, ನೀವೇಳುದ್ರೆ ಕೇಳ್ತಾರೆ. ಬೀಗರೂಟದ ದಿನ ನಿಮ್ಗೆ ನಾನ್ ಏಳಿದ್ದೂ ಇದ್ನೇ ಅಲ್ವಾ?"