ಕೈಮುಗಿಯಬಾರದ ಕೊಕ್ಕರೆ

ನಿನ್ನೆ ಬೆಳಿಗ್ಗೆ ನೋಡುತ್ತೇನೆ, ನಮ್ಮ ಮನೆ ಮುಂದಿನ ಕಂಚಿನ ಕೊಕ್ಕರೆಯ ಹಣೆಯಲ್ಲಿ ಕುಂಕುಮ, ಕತ್ತಿನಲ್ಲಿ ಒಂದು ಮೊಳ ಕನಕಾಂಬರ! ಮೊಮ್ಮಗನ ಹೊಸ ಹೆಂಡತಿಯ ಕೆಲಸ. ಒಳ್ಳೆ ಹುಡುಗಿ, ಅವಳ ತಪ್ಪೇನಿಲ್ಲ. ನನಗೆ ಮಾತ್ರ ಎದೆ ಧಸಕ್ಕೆಂದಿತು. ಅದನ್ನು ಎರೆದ ಆಚಾರ್ರು ನೆನಪಾದರು...

ನಾನು ಮದುವೆಯಾಗಿ ಕೆ.ಆರ್. ನಗರಕ್ಕೆ ಬಂದ ಹೊಸತು, ಐವತ್ತರ ದಶಕ. ಹೊಸ ಮನೆಯ ಮುಂದೆ ಕಂಚಿನ ಕಾರಂಜಿ ಮಾಡಿಸುವ ಹುಚ್ಚು ನಮ್ಮ ಮಾವನವರಿಗೆ ಹತ್ತಿತ್ತು. ಪಿರಿಯಾಪಟ್ಟಣದಿಂದ ಎರಕದ ಆಚಾರ್ರನ್ನು ಕರೆಸಿದರು. ವಯಸ್ಸಾದವರು, ದೇವರ ಮೂರ್ತಿ ಬಿಟ್ಟು ಬೇರೇನೂ ಎರೆದವರಲ್ಲ. ನನಗೆ ರಂಗೋಲಿ ಚೆನ್ನಾಗಿ ಬರುತ್ತದೆಂದು ಚಿತ್ರ ಬರೆಯುವ ಕೆಲಸ ನನ್ನ ತಲೆಗೆ ಬಂತು.

ಹಸುವಿನ ಮುಖ ಬರೆದೆ. ಆಚಾರ್ರು ಬೇಡವೆಂದರು. ಆಮೆ ಬರೆದೆ, ಮೀನು ಬರೆದೆ, ಹಂಸ ಬರೆದೆ. ಯಾವುದಕ್ಕೂ ಒಪ್ಪಲಿಲ್ಲ. ಈ ಮುದುಕನಿಗೆ ಇನ್ನೇನು ಬೇಕಂತೆ ಎಂದು ರೇಗಿ ಪೆನ್ಸಿಲ್ ಕೆಳಗಿಟ್ಟೆ.

"ಇವಕ್ಕೆಲ್ಲ ಜನ ಕೈಮುಗಿದ್‌ಬುಡ್ತಾರೆ ಕಣವ್ವ," ಅಂದರು. "ಐವತ್ತು ವರ್ಸ ದೇವ್ರುನ್ನ ಎರೆದಿವ್ನಿ. ಪೂಜೆಗೆ ಕುಂತ ಮ್ಯಾಲೆ ನಾನೇ ಮುಟ್ಟಂಗಿಲ್ಲ, ದೂರ ನಿಂತು ನೋಡ್ಬೇಕು. ಇದೊಂದ್ನಾದ್ರೂ ಸಾಯೋಗಂಟ ಮುಟ್ಬೇಕು ಅಂತ ಆಸೆ."

ನನ್ನ ಕೋಪ ಎಲ್ಲಿ ಹೋಯಿತೋ... ಯೋಚಿಸಿ ಯೋಚಿಸಿ ಕೊಕ್ಕರೆ ಬರೆದೆ. ಗದ್ದೆಯಲ್ಲಿ ಕಪ್ಪೆ ಕುಕ್ಕುವ ಹಕ್ಕಿಗೆ ಯಾರು ತಾನೇ ಆರತಿ ಎತ್ತುತ್ತಾರೆ? ಆಚಾರ್ರ ಮುಖ ಅರಳಿತು. ಜೇನುಮೇಣದಲ್ಲಿ ಹಕ್ಕಿ ತಿದ್ದಿ, ಮಣ್ಣು ಮೆತ್ತಿ, ಕಾಯಿಸಿ ಒಳಗಿನ ಮೇಣ ಹೊರಗೆ ಹರಿಸಿ, ಆ ಜಾಗಕ್ಕೆ ಕರಗಿದ ಕಂಚು ಹುಯ್ದರು. ಕೊಕ್ಕಿನಿಂದ ಕಲ್ಲಿನ ತೊಟ್ಟಿಗೆ ಸಣ್ಣಗೆ ನೀರು ಬಿದ್ದ ದಿನ ಮಾವನವರು ಬೀದಿಯವರನ್ನೆಲ್ಲ ಕರೆದು ತೋರಿಸಿದರು.

ಆಮೇಲೆ ಆಚಾರ್ರು ಸಂತೆಗೆ ಬಂದಾಗಲೆಲ್ಲ ನಮ್ಮ ಮನೆಗೂ ಬರುವರು. ಕೊಕ್ಕರೆಯ ಕತ್ತು ಸವರುವರು, ರೆಕ್ಕೆಯ ಕೆಳಗೆ ಒಂದು ಕಡೆ ನಯ ಸಾಲದೆಂದು ತಮ್ಮನ್ನೇ ಬೈದುಕೊಳ್ಳುವರು, ಕಾಫಿ ಕುಡಿದು ಹೊರಡುವರು.

ಒಂದು ಶುಕ್ರವಾರ ನಮ್ಮತ್ತೆ ತುಳಸಿಗೆ ಪೂಜೆ ಮಾಡಿದವರು ಕೊಕ್ಕರೆಗೂ ಕುಂಕುಮ ಹಚ್ಚಿಬಿಟ್ಟರು. ಅವತ್ತೇ ಆಚಾರ್ರು ಬಂದರು. ಗೇಟಿನ ಹತ್ತಿರವೇ ಚಪ್ಪಲಿ ಬಿಟ್ಟು, ಅಲ್ಲೇ ಕೈಮುಗಿದು ನಿಂತರು.

"ಓಗ್ಲಿ ಬುಡವ್ವ," ಅಂದರು.

ಆ ಮುಖ ನೋಡಲಾಗಲಿಲ್ಲ. ಅತ್ತೆಯ ಎದುರಿಗೇ ಸೆರಗಿನಿಂದ ಕುಂಕುಮ ಒರೆಸಿ, "ಬನ್ನಿ ಆಚಾರ್ರೇ, ಇದು ಬರೀ ಕೊಕ್ಕರೆ," ಅಂದೆ. ಅಳುಕುತ್ತಲೇ ಬಂದರು. ಹೆಬ್ಬೆರಳಿನಿಂದ ಕತ್ತು ಸವರಿ ನಕ್ಕರು. ಅತ್ತೆ ಮೂರು ದಿನ ನನ್ನ ಜೊತೆ ಮಾತು ಬಿಟ್ಟರು.

ಆಚಾರ್ರು ತೀರಿಹೋಗಿ ಎಷ್ಟೋ ಕಾಲವಾಯಿತು. ಅವರು ಸವರಿ ಸವರಿ ಹೊಳೆಯುತ್ತಿದ್ದ ಆ ಕತ್ತೂ ಈಗ ಹಸಿರು ಕಟ್ಟಿದೆ...

ನಿನ್ನೆ ಹೂ ತೆಗೆದೆ. ಸೆರಗಿನಿಂದ ಕುಂಕುಮ ಒರೆಸಿದೆ. ಹುಡುಗಿ ಗಾಬರಿಯಾಗಿ, "ಯಾಕಜ್ಜಿ?" ಅಂದಳು.

"ಇದನ್ನ ಮಾಡಿದವರು ಮುಟ್ಟಬೇಕಲ್ಲಮ್ಮ," ಅಂದೆ.